ಬೇಲಿಯ ಆಚೆ ಯಾರಿದ್ದಾರೆ?

ಇವತ್ತು ಅಮೆರಿಕದ ಒಂದು ಹಳೇ ಕೇಸಿನ ಬಗ್ಗೆ ಮಾತಾಡೋಣ. ಹಳೇದು ಅಂತ ಚಾನೆಲ್ ಬದಲಾಯಿಸಬೇಡಿ. ಕೊನೆಗೆ ಅದು ನಮ್ಮ ಕಾಫಿ ತೋಟಕ್ಕೇ ಬಂದು ನಿಲ್ಲುತ್ತೆ.

1988ರ ನವೆಂಬರ್ 15. ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯ, ಹರ್ಮನ್ ಅನ್ನೋ ಊರು. ಅಲ್ಲಿ ನವೆಂಬರ್ ಅಂದ್ರೆ ಜಿಂಕೆ ಬೇಟೆಯ ಸೀಸನ್. ಲೈಸೆನ್ಸ್ ಇದ್ದವರು ಬೇಟೆಯಾಡೋದು ಅಲ್ಲಿ ಕಾನೂನುಬದ್ಧ. ಅವತ್ತು 37 ವರ್ಷದ ಒಬ್ಬ ತಾಯಿ ತಮ್ಮದೇ ಮನೆಯ ಹಿತ್ತಲಿಗೆ ಹೋದರು. ಕೈಗೆ ಬಿಳಿ ಕೈಗವಸು ಹಾಕಿದ್ದರು. ಪಕ್ಕದ ಕಾಡಿನಲ್ಲಿದ್ದ ಬೇಟೆಗಾರನಿಗೆ ಏನೋ ಬೆಳ್ಳಗೆ ಕಂಡಿತು. ಅಲ್ಲಿನ ಜಿಂಕೆಗೆ ಬಾಲದ ಅಡಿಭಾಗ ಬಿಳಿ. ಬೆದರಿದಾಗ ಅದು ಬಾಲ ಎತ್ತಿ ಓಡುತ್ತೆ. ಜಿಂಕೆ ಅಂದುಕೊಂಡ, ಗುಂಡು ಹಾರಿಸಿದ. ಮನೆಯಲ್ಲಿದ್ದ ಅವಳಿ ಹೆಣ್ಣುಮಕ್ಕಳಿಗೆ ಆಗಿನ್ನೂ ಒಂದು ವರ್ಷ. ಅಮ್ಮ ವಾಪಸ್ ಬರಲೇ ಇಲ್ಲ.

ಆಮೇಲೆ ಏನಾಯ್ತು ಗೊತ್ತಾ? ಜನ ಕೇಳಿದ್ದು ಸತ್ತವರನ್ನೇ. ಬೇಟೆ ಸೀಸನ್‌ನಲ್ಲಿ ಬಿಳಿ ಕೈಗವಸು ಯಾಕೆ ಹಾಕ್ಕೊಂಡ್ರು? ಕಿತ್ತಳೆ ಬಣ್ಣದ ಬಟ್ಟೆ ಯಾಕೆ ಹಾಕಲಿಲ್ಲ? ಸ್ವಾಮಿ, ತನ್ನ ಹಿತ್ತಲಿಗೆ ಹೋಗೋದಕ್ಕೂ ಡ್ರೆಸ್ ಕೋಡ್ ಬೇಕಾ? 1990ರಲ್ಲಿ ಜ್ಯೂರಿ ಆ ಬೇಟೆಗಾರನನ್ನು ನಿರ್ದೋಷಿ ಅಂತ ಬಿಡುಗಡೆ ಮಾಡಿತು.

ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಮೇನ್ ರಾಜ್ಯ ಕಾನೂನನ್ನು ಬಿಗಿ ಮಾಡಿತು. ಸದ್ದು ಕೇಳಿ ಗುಂಡು ಹಾರಿಸುವ ಹಾಗಿಲ್ಲ. ಕಿವಿಯೋ ಬಾಲವೋ ಕಂಡಂತಾಯ್ತು ಅಂತಲೂ ಹಾರಿಸುವ ಹಾಗಿಲ್ಲ. ಪ್ರಾಣಿಯ ತಲೆ, ಮೈ ಎರಡೂ ಸ್ಪಷ್ಟವಾಗಿ ಕಾಣಬೇಕು. ಅದರ ಹಿಂದೆ ಏನಿದೆ ಅನ್ನೋದೂ ಗೊತ್ತಿರಬೇಕು. ವಾಸದ ಮನೆಯಿಂದ 100 ಗಜದೊಳಗೆ, ಮನೆಯವರ ಒಪ್ಪಿಗೆ ಇಲ್ಲದೆ ಗುಂಡು ಹಾರಿಸುವಂತಿಲ್ಲ.

ಇದು ಕಾನೂನಾಯ್ತು. ಇದರ ಜೊತೆಗೆ ಒಳ್ಳೆಯ ಬೇಟೆಗಾರರು ತಾವೇ ಪಾಲಿಸುವ ಮರ್ಯಾದೆ ಅಂತ ಒಂದಿದೆ. ಪಕ್ಕದ ಜಮೀನಿನವರಿಗೆ ಮೊದಲೇ ತಿಳಿಸುತ್ತಾರೆ. ಗಡಿ ಎಲ್ಲಿದೆ ಅಂತ ಹಗಲಲ್ಲೇ ನಡೆದು ನೋಡುತ್ತಾರೆ. ಗಡಿಯ ಕಡೆಗೆ ಮುಖ ಮಾಡಿ ಗುಂಡು ಹಾರಿಸಲ್ಲ. ಏಟು ತಿಂದ ಜಿಂಕೆ ಪಕ್ಕದವರ ಜಮೀನಿಗೆ ಓಡಿದರೆ, ಮೊದಲು ಅವರ ಬಾಗಿಲು ತಟ್ಟಿ ಕೇಳುತ್ತಾರೆ. ಯಾಕೆ? ರೈಫಲ್ ಗುಂಡು ಮೈಲಿ ದಾಟಿ ಹೋಗುತ್ತೆ. ಅದಕ್ಕೆ ಸರ್ವೆ ನಂಬರ್ ಗೊತ್ತಿಲ್ಲ, ಬೇಲಿನೂ ಗೊತ್ತಿಲ್ಲ.

ನಿಮ್ಮ ಮಗನೋ ಮಗಳೋ ಅಮೆರಿಕದಲ್ಲಿ ಕಾಡಿನ ಪಕ್ಕ ಮನೆ ಮಾಡಿದ್ದರೆ, ಬೇಟೆ ಸೀಸನ್‌ನಲ್ಲಿ ವಾಕಿಂಗ್ ಹೋಗುವಾಗ ಕಿತ್ತಳೆ ಜಾಕೆಟ್ ಹಾಕ್ಕೊಳ್ಳಿ ಅಂತ ಹೇಳಿ. ಆದರೆ ಎಚ್ಚರಿಕೆ ಬೇರೆ, ಹೊಣೆ ಬೇರೆ. ಜಾಕೆಟ್ ಹಾಕದಿದ್ದವರು ಅಪರಾಧಿಗಳಲ್ಲ.

ಈಗ ನಮ್ಮಲ್ಲಿಗೆ ಬನ್ನಿ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ ಬೇಟೆ ಅಪರಾಧ. ಬೆಳೆ ರಕ್ಷಣೆಗೆ ಅಂತ ಮಲೆನಾಡಿನ ರೈತರ ಹತ್ತಿರ ಲೈಸೆನ್ಸ್ ಕೋವಿ ಇದೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಕೋವಿ ಅಲ್ಲಿ ಮನೆತನದ ಗೌರವ, ಒಪ್ಪೋಣ. ಆದರೆ ಅದು ಶಿಕಾರಿಗೆ ಕೊಟ್ಟ ಪರವಾನಗಿ ಅಲ್ಲ. 'ಕಾಡುಹಂದಿ ಎಂದು ಭಾವಿಸಿ ಗುಂಡು, ವ್ಯಕ್ತಿ ಸಾವು' ಅನ್ನೋ ಸುದ್ದಿಯನ್ನು ನಾವು ಇದೇ ಸ್ಟುಡಿಯೋದಲ್ಲಿ ಕೂತು ಓದಿದ್ದೇವೆ. ಆಗಲೂ ಕೇಳೋ ಪ್ರಶ್ನೆ ಒಂದೇ: ಅಷ್ಟೊತ್ತಲ್ಲಿ ಅವನು ತೋಟಕ್ಕೆ ಯಾಕೆ ಹೋಗಿದ್ದ?

ಯಾಕೆ ಅಂದ್ರೆ? ನೀರು ಬಿಡೋಕೆ ಹೋಗಿರಬಹುದು, ಕರೆಂಟ್ ಬಂತು ಅಂತ ಮೋಟಾರ್ ಹಾಕೋಕೆ ಹೋಗಿರಬಹುದು. ಅವನ ತೋಟ, ಅವನಿಷ್ಟ. ಉತ್ತರ ಕೊಡಬೇಕಾದವನು ಅವನಲ್ಲ. ಪೊದೆ ಅಲ್ಲಾಡಿದ್ದಕ್ಕೇ ಕುದುರೆ ಎಳೆದನಲ್ಲ, ಅವನು. ಒಂದು ಕ್ಷಣ ತಡೆದಿದ್ದರೆ ಹೆಚ್ಚೆಂದರೆ ಒಂದು ಹಂದಿ ತಪ್ಪಿಸಿಕೊಳ್ತಿತ್ತು. ಹೋಗಲಿ ಬಿಡಿ, ನಾಳೆ ಮತ್ತೆ ಬರುತ್ತೆ. ಆ ಮನುಷ್ಯ ಬರ್ತಾನಾ?

ಯೋಚನೆ ಮಾಡಿ.