ಡಿಸ್ಕುಗಳ ಸಾಲು: ಅದು ಕಾಯುವುದೇನು, ಕಾಯದಿರುವುದೇನು
(ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಂಪ್ಯೂಟರಿನ ಡಿಸ್ಕಿನ ಉಸಾಬರಿ ಯಾಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದ್ದು ನನ್ನ ಕಿವಿಗೂ ಬಿತ್ತು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಲು ನನಗೆ ಸ್ವಲ್ಪ ನಾಚಿಕೆ.

ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಉರ್ದು ಮೇಷ್ಟ್ರೊಬ್ಬರು ನಿವೃತ್ತರಾಗುವಾಗ ಎರಡು ದಪ್ಪ ನೋಟ್‌ಬುಕ್‌ಗಳನ್ನು ನನ್ನ ಕೈಗೆ ಕೊಟ್ಟರು. ಎಲ್ಲರೂ ಅವರನ್ನು ಮಾಸ್ಟರ್‌ಸಾಬ್ ಎನ್ನುತ್ತಿದ್ದರು. ಮನೆಯಲ್ಲಿ ಉರ್ದು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿಗಾಗಿ ಅವರು ಮೂವತ್ತು ವರ್ಷ ಕೂಡಿಸಿದ ಪದಪಟ್ಟಿ ಅದು. ಗೆದ್ದಲಿಗೆ ಹೆದರಿ ಮುನ್ನೂರು ಪುಟಗಳನ್ನೂ ಸ್ಕ್ಯಾನ್ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟೆ. ಅದರಲ್ಲಿ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದು ತಾನಾಗಿಯೇ ಇನ್ನೊಂದರಲ್ಲೂ ಮೂಡುತ್ತಿತ್ತು. ಮರುವರ್ಷದ ಮಳೆಗೆ ಸೋರುವ ಕೋಣೆಯಲ್ಲಿ ನೋಟ್‌ಬುಕ್‌ಗಳು ಮುದ್ದೆಯಾದವು. ನಾನು ನಿಶ್ಚಿಂತೆಯಿಂದಿದ್ದೆ. ಬೇಸಿಗೆ ರಜೆಯ ಮುನ್ನಾದಿನ ಬೇಡದ ಫೈಲುಗಳನ್ನು ತೆಗೆಯುವಾಗ ಆ ಫೋಲ್ಡರನ್ನೂ ನಾನೇ ಅಳಿಸಿಬಿಟ್ಟೆ. ಗೊತ್ತಾದದ್ದು ಜೂನ್‌ನಲ್ಲಿ. ಎರಡನೆಯ ಡಿಸ್ಕಿನಲ್ಲಿ ಇದೆಯಲ್ಲ ಎಂದು ನೋಡಿದರೆ ಅಲ್ಲೂ ಖಾಲಿ. ಉರ್ದುವಿಗೂ ಕನ್ನಡಕ್ಕೂ ಸೇರಿದ ಪದ ಇದು; ಮಾಸ್ಟರ್‌ಸಾಬರ ಪಟ್ಟಿಯಲ್ಲೂ ಇತ್ತು.

ಈಗ ನಮ್ಮ ಸಂಸ್ಥೆಯ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ ನಾಲ್ಕು ಡಿಸ್ಕುಗಳ ಒಂದು ಪೆಟ್ಟಿಗೆಯಲ್ಲಿ ಇಡುವ ಪ್ರಸ್ತಾಪ ಸಮಿತಿಯ ಮುಂದಿದೆ. ಒಳ್ಳೆಯ ಕೆಲಸ. ಆ ಪೆಟ್ಟಿಗೆ ನಮಗಾಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿಯುವುದು ಒಳ್ಳೆಯದಲ್ಲವೇ?

ಹಾರ್ಡ್‌ಡಿಸ್ಕ್ ಎಂದರೆ ತಿರುಗುವ ತಟ್ಟೆಗಳು, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಆಡುವ ಓದುವ ತಲೆ. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡು ಕಾಯಬೇಕು. ನಮಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ, ಆದರೆ ಕಂಪ್ಯೂಟರಿಗೆ ಅದು ಬಹಳ ಹೊತ್ತು.

ಈ ತಲೆಯನ್ನು ನಡೆಸುವುದು ಕಂಟ್ರೋಲರ್. ಗ್ರಂಥಾಲಯದ ಅಟೆಂಡರನ್ನು ನೆನೆಯಿರಿ. ನೀವು ಚೀಟಿ ಬರೆದು ಕೊಡುತ್ತೀರಿ. ಯಾವ ಕಪಾಟು, ಯಾವ ಅರೆ ಎಂಬುದು ಅವನಿಗೆ ಗೊತ್ತು. 1980ರಲ್ಲಿ ಸೀಗೇಟ್ ಕಂಪನಿ ತಂದ 5 ಮೆಗಾಬೈಟಿನ ಎಸ್‌ಟಿ-506 ಡಿಸ್ಕಿಗೆ ಈ ಅಟೆಂಡರ್ ಇರಲಿಲ್ಲ. ಕಂಪ್ಯೂಟರಿನೊಳಗಿನ ಬೇರೊಂದು ಕಾರ್ಡ್, ತಲೆಯನ್ನು ಇಷ್ಟು ಹೆಜ್ಜೆ ಸರಿಸು ಎಂದು ಹೇಳಿ ನಡೆಸಬೇಕಿತ್ತು. 1980ರ ದಶಕದ ನಡುವಿನಲ್ಲಿ ಕಂಟ್ರೋಲರ್ ಡಿಸ್ಕಿನ ಮೈಮೇಲೆಯೇ ಬಂತು. ಅದೇ ಐಡಿಇ. ಅಲ್ಲಿಂದ ಮುಂದೆ ಕಂಪ್ಯೂಟರ್ ಇಂಥ ಸಂಖ್ಯೆಯ ತುಂಡು ತಾ ಎಂದರೆ ಸಾಕಾಯಿತು.

ಕೇಳುವವನಿಗೂ ತರುವವನಿಗೂ ನಡುವಿನ ದಾರಿ ಮತ್ತು ಭಾಷೆಯೇ ಇಂಟರ್‌ಫೇಸ್. ನಮ್ಮ ಹಳೆಯ ಲ್ಯಾಬಿನಲ್ಲಿ ಕಂಡ ಅಗಲವಾದ ಪಟ್ಟಿಯಂಥ ಕೇಬಲ್ ಐಡಿಇಯದು. 40 ತೂತುಗಳು, ಒಂದೇ ಕೇಬಲ್ಲಿಗೆ ಎರಡು ಡಿಸ್ಕು ಕೂಡಿಸಲು ಪುಟ್ಟ ಜಂಪರನ್ನು ಉಗುರಿನಿಂದ ಕಿತ್ತು ಹಾಕಬೇಕಿತ್ತು. 2003ರ ಸುಮಾರಿಗೆ ಸಾಟಾ ಬಂದು ಆ ಕಷ್ಟ ತಪ್ಪಿತು. ಏಳು ತಂತಿಯ ತೆಳು ಕೇಬಲ್; ವೇಗ ಸೆಕೆಂಡಿಗೆ 150 ಮೆಗಾಬೈಟಿನಿಂದ 300ಕ್ಕೆ, ಆಮೇಲೆ 600ಕ್ಕೆ ಏರಿತು. ದೊಡ್ಡ ಸರ್ವರುಗಳಲ್ಲಿ ಸ್ಕಸಿ ಇತ್ತು, ಈಗ ಅದರ ಮಗ ಸ್ಯಾಸ್. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗಳಿಗಾಗಿ 2011ರಲ್ಲಿ ಎನ್‌ವಿಎಂಇ ರೂಪುಗೊಂಡಿತು. ಹಳೆಯ ಪದ್ಧತಿಯಲ್ಲಿ ಒಂದೇ ಸಾಲು, ಅದರಲ್ಲಿ 32 ಚೀಟಿ. ಇದರಲ್ಲಿ 65 ಸಾವಿರದಷ್ಟು ಸಾಲುಗಳಿಗೆ ಅವಕಾಶವಿದೆ. ನಮ್ಮ ರಿಜಿಸ್ಟರುಗಳಿಗೆ ಇಷ್ಟೆಲ್ಲ ಬೇಡ, ಸಾಟಾ ಸಾಕು. ಅಂಗಡಿಯವರು 600 ಎಂದು ತೋರಿಸಿದರೆ ಬೆರಗಾಗಬೇಡಿ. ಅದು ರಸ್ತೆಯ ಅಗಲ, ಗಾಡಿಯ ವೇಗವಲ್ಲ. ತಿರುಗುವ ಡಿಸ್ಕು ಅದರ ಅರ್ಧವನ್ನೂ ಮುಟ್ಟುವುದು ಅಪರೂಪ.

ಇನ್ನು ಡಿಸ್ಕುಗಳ ಸಾಲು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಚಿಕ್ಕ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ತೊಡಕನ್ನೂ ಅವರೇ ಲೆಕ್ಕ ಹಾಕಿ ತೋರಿಸಿದರು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುವುದಾದರೆ, ನೂರು ಡಿಸ್ಕುಗಳ ಸಾಲಿನಲ್ಲಿ ಯಾವುದಾದರೂ ಒಂದು ಕೆಡಲು ಸರಾಸರಿ 300 ಗಂಟೆ ಸಾಕು. ಎರಡು ವಾರವೂ ಇಲ್ಲ! ಆದ್ದರಿಂದ ಕೆಟ್ಟದ್ದನ್ನು ಮತ್ತೆ ಹುಟ್ಟಿಸುವಷ್ಟು ಹೆಚ್ಚುವರಿ ಮಾಹಿತಿ ಸಾಲಿನಲ್ಲೇ ಇರಬೇಕು. ಈ ವಿಧಾನವೇ ರೇಡ್. ಅವರು ಹೇಳಿದ್ದು 1ರಿಂದ 5ರವರೆಗಿನ ಮಟ್ಟಗಳು. 0 ಮತ್ತು 6 ಆಮೇಲೆ ಸೇರಿದವು.

ಸೊನ್ನೆಯಲ್ಲಿ ಫೈಲನ್ನು ತುಂಡು ಮಾಡಿ ಎಲ್ಲ ಡಿಸ್ಕುಗಳಿಗೂ ಹಂಚುತ್ತಾರೆ. ವೇಗವಿದೆ, ರಕ್ಷಣೆ ಹೆಸರಿನಷ್ಟೇ. ಒಂದನೆಯದು ಕನ್ನಡಿ, ನನ್ನ ಕಥೆಯದು. ಐದನೆಯದನ್ನು ಬೋರ್ಡಿನ ಮೇಲೆ ನೋಡೋಣ. ಒಬ್ಬ ಹುಡುಗಿಗೆ ಕನ್ನಡದಲ್ಲಿ 62, ಉರ್ದುವಿನಲ್ಲಿ 71, ಗಣಿತದಲ್ಲಿ 48, ಒಟ್ಟು 181. ಗಣಿತದ ಅಂಕದ ಮೇಲೆ ಶಾಯಿ ಚೆಲ್ಲಿತು. ಒಟ್ಟಿನಿಂದ ಉಳಿದೆರಡನ್ನು ಕಳೆಯಿರಿ, 48 ಸಿಕ್ಕಿತು. ಡಿಸ್ಕಿನಲ್ಲಿ ಕೂಡುವ ಬದಲು ಸಮ-ಬೆಸ ನೋಡುತ್ತಾರೆ. ಮೂರು ಡಿಸ್ಕುಗಳಲ್ಲಿ 1, 1, 1 ಇದ್ದರೆ ನಾಲ್ಕನೆಯದರಲ್ಲಿ 1 ಬರೆದು ಒಂದುಗಳ ಎಣಿಕೆಯನ್ನು ಸಮ ಮಾಡುತ್ತಾರೆ. 1, 0, 1 ಇದ್ದರೆ 0. ಯಾವುದನ್ನೇ ಕೈಯಿಂದ ಮುಚ್ಚಿ, ಉಳಿದ ಮೂರು ಅದನ್ನು ಹೇಳುತ್ತವೆ. 4 ಟೆರಾಬೈಟಿನ ನಾಲ್ಕು ಡಿಸ್ಕುಗಳಲ್ಲಿ ನಮಗೆ 12 ಸಿಗುತ್ತದೆ, ಒಂದರಷ್ಟು ಜಾಗ ಈ ಲೆಕ್ಕಕ್ಕೆ ಹೋಗುತ್ತದೆ. ಲೆಕ್ಕವೆಲ್ಲ ಒಂದೇ ಡಿಸ್ಕಿನಲ್ಲಿದ್ದರೆ ಪ್ರತಿ ಬರವಣಿಗೆಗೂ ಅದರ ಮುಂದೆ ಸಾಲು ನಿಲ್ಲಬೇಕಾದೀತೆಂದು ಅದನ್ನು ನಾಲ್ಕರಲ್ಲೂ ಸರದಿಯಂತೆ ಇಡುತ್ತಾರೆ.

ಒಂದು ಡಿಸ್ಕು ಕೆಟ್ಟಿತೆನ್ನಿ. ಹೊಸದನ್ನು ಹಾಕಿದರೆ ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ಅದನ್ನು ತುಂಬಬೇಕು. ಸೆಕೆಂಡಿಗೆ 150 ಮೆಗಾಬೈಟ್ ಎಂದರೂ 4 ಟೆರಾಬೈಟಿಗೆ ಏಳೂವರೆ ಗಂಟೆ, ಅದೂ ಬೇರೆ ಕೆಲಸ ಇಲ್ಲದಿದ್ದರೆ. ಆ ಹೊತ್ತಿನಲ್ಲಿ ಇನ್ನೊಂದು ಕೆಟ್ಟರೆ ಎಲ್ಲವೂ ಹೋಯಿತು. ನಾಲ್ಕನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿರುತ್ತೇವೆ, ವಯಸ್ಸೂ ಸವೆತವೂ ಒಂದೇ. ಆರನೆಯ ಮಟ್ಟದಲ್ಲಿ ಇಂಥ ಲೆಕ್ಕ ಎರಡಿರುತ್ತವೆ, ಎರಡು ಡಿಸ್ಕು ಹೋದರೂ ತಡೆದೀತು. ಸಿಗುವ ಜಾಗ 8. ಸಮಿತಿಯವರು ನನ್ನನ್ನು ಕೇಳಿದರೆ ಆ ನಾಲ್ಕು ಟೆರಾಬೈಟಿನ ಆಸೆ ಬಿಡಿ ಎನ್ನುತ್ತೇನೆ.

ಕರೆಂಟಿನ ವಿಷಯವನ್ನು ನಮ್ಮ ಊರಿನಲ್ಲಿ ಬಿಡುವಂತಿಲ್ಲ. ಅಂಕ ತಿದ್ದಿ ಒಟ್ಟನ್ನು ತಿದ್ದುವ ಮೊದಲೇ ದೀಪ ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಮುಂದೆ ಎಂದೋ ಡಿಸ್ಕು ಕೆಟ್ಟಾಗ ಆ ತಪ್ಪು ಒಟ್ಟಿನಿಂದ ತಪ್ಪು ಅಂಕವೇ ಹುಟ್ಟುತ್ತದೆ. ಒಳ್ಳೆಯ ರೇಡ್ ಕಾರ್ಡುಗಳಲ್ಲಿ ಇದಕ್ಕಾಗಿಯೇ ಬ್ಯಾಟರಿ ಇರುತ್ತದೆ. ನಾವು ಯುಪಿಎಸ್ ಇಡಲೇಬೇಕು. ಆ ಕಾರ್ಡೇ ಕೆಟ್ಟರೆ? ಡಿಸ್ಕುಗಳು ಚೆನ್ನಾಗಿದ್ದರೂ ಅವುಗಳನ್ನು ಜೋಡಿಸಿದ ರೀತಿ ಬೇರೆ ಕಂಪನಿಯ ಕಾರ್ಡಿಗೆ ತಿಳಿಯದೆ ಹೋಗಬಹುದು. ಲಿನಕ್ಸ್ ತಾನೇ ಜೋಡಿಸಿದ ಸಾಲನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಓದಬಹುದು. ಬಿಡಿಭಾಗಕ್ಕೆ ಬೆಂಗಳೂರಿಗೆ ಓಡಬೇಕಾದ ನಮ್ಮಂಥವರಿಗೆ ಅದೇ ವಾಸಿ.

ಇಷ್ಟೆಲ್ಲ ಮಾಡಿದರೂ ಸಾಲು ಕಾಯುವುದು ಡಿಸ್ಕಿನ ಸಾವನ್ನು ಮಾತ್ರ. ಅಳಿಸು ಎಂದರೆ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಯೂ ಅಳಿಸುತ್ತದೆ. ವೈರಸ್ ಬೀಗ ಹಾಕಿದರೂ, ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೂ ಅದರಿಂದ ಏನೂ ಆಗದು. ಹಾಗಾಗಿ ಪೆಟ್ಟಿಗೆಯ ಬೆಲೆಯ ಜೊತೆಗೆ ಇನ್ನೂ ಎರಡು ಬಿಡಿ ಡಿಸ್ಕುಗಳ ಹಣವನ್ನು ಬರೆದುಕೊಳ್ಳಿರಿ. ವಾರಕ್ಕೊಮ್ಮೆ ಒಂದಕ್ಕೆ ನಕಲು ಮಾಡಿ, ಕೇಬಲ್ ಕಿತ್ತು, ಶಾಲೆಯ ಹೊರಗೆ ಯಾರಾದರೂ ಜವಾಬ್ದಾರಿಯುತರ ಮನೆಯಲ್ಲಿಡುವುದು; ಮುಂದಿನ ವಾರ ಇನ್ನೊಂದಕ್ಕೆ. ಆಗಾಗ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಪುಟಗಳು ಕಾಣುತ್ತವೆಯೇ ಎಂದು ನೋಡುವುದು. ಬೀಗದ ಕೈ ಒಬ್ಬರ ಬಳಿಯೇ ಇರದಿರಲಿ, ನನ್ನ ಬಳಿಯಂತೂ ಬೇಡ.

ಮಾಸ್ಟರ್‌ಸಾಬರ ಪಟ್ಟಿಯಲ್ಲಿ 41 ಪುಟ ಉಳಿದಿದೆ. ಪ್ರಿಂಟ್ ತೆಗೆಸಲೆಂದು ವಿದ್ಯಾರ್ಥಿನಿಯೊಬ್ಬಳು ಪೆನ್‌ಡ್ರೈವಿನಲ್ಲಿ ಒಯ್ದಿದ್ದಳು, ಅಳಿಸಲು ಮರೆತಿದ್ದಳು. ಆಗ ಹಾಗೆ ಒಯ್ದವರು ಇನ್ನೂ ಕೆಲವರಿದ್ದರು ಎಂದು ನೆನಪು. ಅವರಲ್ಲಿ ಯಾರಾದರೂ ಇಲ್ಲಿದ್ದರೆ, ಅಥವಾ ನಿಮ್ಮ ಅಕ್ಕ ಅಣ್ಣಂದಿರು ಆ ಶಾಲೆಯಲ್ಲಿ ಓದಿದ್ದರೆ, ಮನೆಗೆ ಹೋಗಿ ಹಳೆಯ ಪೆನ್‌ಡ್ರೈವುಗಳನ್ನು ಒಮ್ಮೆ ಹುಡುಕಿ. ಒಂದೇ ಪುಟ ಸಿಕ್ಕರೂ ನನಗೆ ತಂದುಕೊಡಿ.