ಸವೆಸಿ ಪಡೆದ ಹೊಳಪು

ಕಾರಿಗೆ ಪಾಲಿಶ್ ಮಾಡಿಸಿದರೆ ಬಣ್ಣದ ಮೇಲೆ ಏನೋ ಹೊಸದು ಸೇರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಿಜಕ್ಕೂ ನಡೆಯುವುದು ಬೇರೆ. ಗೆರೆ ಬಿದ್ದು ಮಂಕಾದ ಮೇಲ್ಮೈಯನ್ನು ಯಂತ್ರವು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸವೆಸಿ ಸಮ ಮಾಡುತ್ತದೆ. ಸಮವಾದ ಮೇಲ್ಮೈ ಬೆಳಕನ್ನು ಚೆಲ್ಲಾಪಿಲ್ಲಿ ಮಾಡದೆ ಒಂದೇ ದಿಕ್ಕಿಗೆ ಹಿಂತಿರುಗಿಸುತ್ತದೆ. ನಾವು ಹೊಳಪು ಅನ್ನುವುದು ಅದನ್ನೇ. ಹಾಗಾಗಿ ಎಷ್ಟು ಸವೆಸಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಕುಶಲಕರ್ಮಿಗಳೂ ರಸಾಯನಶಾಸ್ತ್ರಜ್ಞರೂ ಯಂತ್ರ ಕಟ್ಟಿದವರೂ ನಿಧಾನವಾಗಿ ಕಲಿತುಕೊಂಡದ್ದೇ ಕಾರ್ ಪಾಲಿಶಿನ ಚರಿತ್ರೆ. ಆ ನೂರು ಚಿಲ್ಲರೆ ವರ್ಷಗಳ ಹಾದಿಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಇಪ್ಪತ್ತನೇ ಶತಮಾನದ ಮೊದಲ ಕಾರುಗಳಿಗೆ ಬಣ್ಣ ಹಚ್ಚುತ್ತಿದ್ದ ವಿದ್ಯೆ ಕುದುರೆ ಸಾರೋಟುಗಳ ಕಾಲದ್ದು. ಅಗಸೆ ಎಣ್ಣೆಯ ಬಣ್ಣ, ಅದರ ಮೇಲೆ ವಾರ್ನಿಶ್, ಎಲ್ಲವೂ ಕುಂಚದ ಕೆಲಸ. ಒಂದು ಪದರ ಹಚ್ಚಿ, ಅದು ಒಣಗುವವರೆಗೆ ದಿನಗಟ್ಟಲೆ ಕಾಯಬೇಕು. ಒಣಗಿದ ಮೇಲೆ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲಿನ ಪುಡಿಯನ್ನು ನೀರಿನಲ್ಲಿ ಅದ್ದಿ, ಉಣ್ಣೆಯ ಫೆಲ್ಟ್ ಬಟ್ಟೆಯಿಂದ ಉಜ್ಜಿ ಮಟ್ಟ ಮಾಡಬೇಕು. ಮತ್ತೆ ಇನ್ನೊಂದು ಪದರ, ಮತ್ತೆ ಉಜ್ಜುವುದು. ಕಟ್ಟಕಡೆಗೆ ರಾಟನ್‌ಸ್ಟೋನ್ ಎಂಬ ಇನ್ನೂ ನಯವಾದ ಕಲ್ಲಿನ ಪುಡಿಗೆ ಎಣ್ಣೆ ಬೆರೆಸಿ ಕೊನೆಯ ಹೊಳಪು ಬರಿಸುತ್ತಿದ್ದರು. ಒಂದು ಕಾರಿನ ಬಣ್ಣದ ಕೆಲಸಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತಿತ್ತು. ದೊರಗಿನಿಂದ ನಯಕ್ಕೆ, ಹಂತ ಹಂತವಾಗಿ ಹೋಗಬೇಕು ಎಂಬ ನಿಯಮ ಆ ಬರಿಗೈಗಳು ಕಂಡುಕೊಂಡದ್ದು. ಇವತ್ತಿನ ಅತಿ ದುಬಾರಿ ಯಂತ್ರವೂ ಆ ನಿಯಮವನ್ನು ಮೀರಿಲ್ಲ.

1913ರಲ್ಲಿ ಹೆನ್ರಿ ಫೋರ್ಡ್ ಅಮೆರಿಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಶುರುಮಾಡಿದಾಗ ಈ ನಿಧಾನ ದೊಡ್ಡ ತೊಡಕಾಯಿತು. ಗಾಡಿ ಬೇಗ ಬೇಗ ತಯಾರಾದರೂ ಬಣ್ಣ ಒಣಗಲು ಒಪ್ಪಬೇಕಲ್ಲ? 1914ರಿಂದ 1925ರವರೆಗೆ ಫೋರ್ಡಿನ ಮಾಡೆಲ್ ಟಿ ಕಾರುಗಳು ಕಪ್ಪು ಬಣ್ಣದಲ್ಲಷ್ಟೇ ಹೊರಬಂದವು. ಡಾಂಬರಿನ ಜಾತಿಯ ಆ ಕಪ್ಪು ಬಣ್ಣ ಗಟ್ಟಿ, ಅಗ್ಗ, ಬಿಸಿ ಗೂಡಿನಲ್ಲಿ ಒಣಗಿಸಲು ಅನುಕೂಲ.

ತಿರುವು ಬಂದದ್ದು ಸಿಡಿಮದ್ದಿನ ಕಡೆಯಿಂದ. ಮೊದಲ ಮಹಾಯುದ್ಧದಲ್ಲಿ ಡ್ಯುಪಾಂಟ್ ಕಂಪನಿ ಹೊಗೆರಹಿತ ಮದ್ದಿಗಾಗಿ ನೈಟ್ರೋಸೆಲ್ಯುಲೋಸ್ ಎಂಬ ವಸ್ತುವನ್ನು ಭಾರೀ ಪ್ರಮಾಣದಲ್ಲಿ ತಯಾರಿಸುತ್ತಿತ್ತು. ಯುದ್ಧ ಮುಗಿದ ಮೇಲೆ ಅದೇ ನೈಟ್ರೋಸೆಲ್ಯುಲೋಸಿನಿಂದ ತೆಳುವಾಗಿ ಸಿಂಪಡಿಸಬಹುದಾದ, ಬೇಗ ಒಣಗುವ ಲ್ಯಾಕರ್ ತಯಾರಾಯಿತು. ಅದರ ಹೆಸರು ಡ್ಯೂಕೊ. ಜನರಲ್ ಮೋಟರ್ಸ್‌ನ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ಅದರ ಬೆನ್ನು ಹತ್ತಿದರು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರು ನೀಲಿ ಡ್ಯೂಕೊ ಹೊತ್ತು ಬಂತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಬಣ್ಣ ಬಣ್ಣದ ಕಾರುಗಳು ಸಾಮಾನ್ಯರ ಬೀದಿಗೆ ಬಂದದ್ದು ಅಲ್ಲಿಂದಾಚೆಗೆ.

ಆದರೆ ಲ್ಯಾಕರ್ ಸಿಂಪಡಿಸಿ ಒಣಗಿದಾಗ ಅದರಲ್ಲಿ ತಾನಾಗಿಯೇ ಪೂರ್ಣ ಹೊಳಪು ಇರುತ್ತಿರಲಿಲ್ಲ. ಮಂಕಾಗಿ, ಸಣ್ಣ ಸಣ್ಣ ಉಬ್ಬುತಗ್ಗುಗಳ ಮೇಲ್ಮೈ. ಅದನ್ನು ಮಟ್ಟ ಮಾಡಿ ಉಜ್ಜಿ ಹೊಳೆಸಲೇಬೇಕು. ಉಜ್ಜುವುದಕ್ಕೆ ಒಳ್ಳೆಯ ಸಾಧನವೂ ಆಗಷ್ಟೇ ಸಿಕ್ಕಿತ್ತು. ಫ್ರಾನ್ಸಿಸ್ ಓಕಿ ಎಂಬಾತ ರೂಪಿಸಿದ, ನೀರಿನಲ್ಲಿ ನೆನೆದರೂ ಹರಿಯದ ಉಜ್ಜುಕಾಗದವನ್ನು 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ವಾಟರ್ ಪೇಪರ್ ಎಂದು ಕೇಳಿ ಪಡೆಯುವುದು ಅದರ ಸಂತತಿಯನ್ನೇ. ನೀರು ಹಾಕಿ ಉಜ್ಜಿದಾಗ ಧೂಳು ಗಾಳಿಗೆ ಏಳುವುದಿಲ್ಲ. ಬಣ್ಣದಲ್ಲಿ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಕೆಲಸಗಾರರ ಪುಪ್ಪುಸಕ್ಕೆ ಇದೊಂದು ದೊಡ್ಡ ರಕ್ಷಣೆ. ನಾಲ್ಕು ವರ್ಷಗಳ ಬಳಿಕ, 1925ರಲ್ಲಿ, ಅದೇ ಕಂಪನಿಯ ರಿಚರ್ಡ್ ಡ್ರೂ ಮಾಸ್ಕಿಂಗ್ ಟೇಪ್ ಕಂಡುಹಿಡಿದರು. ಕಾರಿಗೆ ಎರಡು ಬಣ್ಣ ಹೊಡೆಯುವವರು ಗಡಿ ಗೆರೆ ನೇರ ಬರಲಿಲ್ಲವೆಂದು ಒದ್ದಾಡುತ್ತಿದ್ದುದನ್ನು ಕಂಡು ಹೊಳೆದ ಉಪಾಯವದು. ಪಾಲಿಶ್ ಮಾಡುವವರು ಈಗಲೂ ಕಾರಿನ ಅಂಚುಗಳಿಗೆ ಮೊದಲು ಆ ಟೇಪನ್ನೇ ಅಂಟಿಸುತ್ತಾರೆ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಇನ್ನು ಯಂತ್ರದ ಕಥೆ. ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲೇ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತ್ತು. ಪಿಸ್ತೂಲಿನ ಹಿಡಿ, ಬೆರಳಿನಡಿ ಸ್ವಿಚ್ ಇರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1917ರಲ್ಲಿ ಪೇಟೆಂಟ್ ಪಡೆಯಿತು. ಮೋಟರ್ ಒಮ್ಮೆ ಕೈಗೆ ಬಂದ ಮೇಲೆ ಅದರ ತುದಿಗೆ ಡ್ರಿಲ್ ಬಿಟ್ಟಿನ ಬದಲು ಕುರಿತುಪ್ಪಳದ ತಟ್ಟೆ ಕಟ್ಟುವುದು ದೂರದ ಮಾತಾಗಿರಲಿಲ್ಲ. ನೇರವಾಗಿ ಒಂದೇ ಅಕ್ಷದ ಮೇಲೆ ಗಿರಗಿರ ಸುತ್ತುವ ಈ ಯಂತ್ರವನ್ನು ರೋಟರಿ ಎನ್ನುತ್ತಾರೆ. ಲ್ಯಾಕರ್ ಯುಗಕ್ಕೆ ಅದು ಹೇಳಿ ಮಾಡಿಸಿದ ಜೊತೆ. ಬಣ್ಣ ಮೃದು, ಪದರ ದಪ್ಪ, ಬೇಕಾದರೆ ಮೇಲೆ ಇನ್ನೊಂದು ಕೋಟ್ ಹೊಡೆದರಾಯಿತು.

ಆ ಕಾಲದ ಬಣ್ಣಕ್ಕೆ ಬಿಸಿಲೇ ಶತ್ರು. ವರ್ಷ ಕಳೆದಂತೆ ಮೇಲ್ಪದರ ಪುಡಿಪುಡಿಯಾಗಿ ಬಿಳಿಚಿಕೊಳ್ಳುತ್ತಿತ್ತು. ಕಾಂಪೌಂಡ್ ಎಂಬ ಸವೆಸುವ ಲೇಪ ಹಚ್ಚಿ ಉಜ್ಜಿದರೆ ಸತ್ತ ಬಣ್ಣ ಎದ್ದು ಬಂದು ಬಟ್ಟೆಗೆ ಅಂಟುತ್ತಿತ್ತು. ಕೆಂಪು ಕಾರಾದರೆ ಬಟ್ಟೆಯೂ ಕೆಂಪು, ಹಸಿರು ಕಾರಾದರೆ ಹಸಿರು. ಎಷ್ಟು ಸವೆಯಿತು ಎಂಬುದು ಉಜ್ಜುವವನ ಕಣ್ಣಮುಂದೆಯೇ ಇರುತ್ತಿತ್ತು. ಹೊಳಪು ಬಂದ ಮೇಲೆ ಬ್ರೆಜಿಲಿನ ಕಾರ್ನೌಬಾ ತಾಳೆಯ ಎಲೆಯಿಂದ ಬರುವ ಗಟ್ಟಿ ಮೇಣ ಹಚ್ಚಿ ನೀರು, ಧೂಳಿನಿಂದ ಕಾಯುತ್ತಿದ್ದರು.

ನಮ್ಮ ದೇಶದಲ್ಲಿ ಈ ಯುಗ ಬಹಳ ದೀರ್ಘವಾಗಿ ನಡೆಯಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬೆಂಗಳೂರಾಗಲಿ, ಹುಬ್ಬಳ್ಳಿಯಾಗಲಿ, ಟಿಂಕರಿಂಗ್-ಪೇಂಟಿಂಗ್ ಬೋರ್ಡು ಹಾಕಿದ ಗ್ಯಾರೇಜಿನಲ್ಲಿ ಪುಟ್ಟಿ, ಪ್ರೈಮರ್, ಎನ್‌ಸಿ ಪೇಂಟ್, ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್ ಇವಿಷ್ಟೇ ಸಾಮಗ್ರಿ. ಎನ್‌ಸಿ ಎಂದರೆ ಅದೇ ನೈಟ್ರೋಸೆಲ್ಯುಲೋಸ್. ಅಂಗೈಯಿಂದ ತಡವಿ ಉಬ್ಬುತಗ್ಗು ಹೇಳಬಲ್ಲ, ತೋಳಿನ ಬಲದಿಂದಲೇ ಬಾನೆಟ್ಟನ್ನು ಕನ್ನಡಿ ಮಾಡಬಲ್ಲ ಪೇಂಟರುಗಳು ನಮ್ಮಲ್ಲಿದ್ದರು, ಈಗಲೂ ಇದ್ದಾರೆ. ಅವರ ವಿದ್ಯೆ ಯಾವ ಶಾಲೆಯದ್ದೂ ಅಲ್ಲ, ಗುರುವಿನ ಪಕ್ಕದಲ್ಲಿ ನಿಂತು ಕಲಿತದ್ದು. ಅದಕ್ಕೆ ನಾವು ಕೊಟ್ಟಿರುವ ಗೌರವ ಕಡಿಮೆ ಎಂದೇ ನನ್ನ ಭಾವನೆ.

ಎಪ್ಪತ್ತರ ದಶಕದ ಕೊನೆ ಮತ್ತು ಎಂಬತ್ತರ ದಶಕದಲ್ಲಿ ಬಣ್ಣದ ರಚನೆಯೇ ಬದಲಾಯಿತು. ಬಣ್ಣದ ತೆಳು ಪದರ ಕೆಳಗೆ, ಅದರ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇದೇ ಕ್ಲಿಯರ್ ಕೋಟ್. ಮೊದಲು ಯುರೋಪಿನಲ್ಲಿ, ಆಮೇಲೆ ಅಮೆರಿಕ, ಜಪಾನುಗಳಲ್ಲಿ ಹರಡಿ, ಇಂದು ನಮ್ಮ ರಸ್ತೆಯ ಬಹುಪಾಲು ಕಾರುಗಳ ಮೈಯೂ ಇದೇ. ಕಾರ್ಖಾನೆಯಿಂದ ಬಂದ ಕಾರಿನ ಒಟ್ಟು ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳು ಇರುವುದೂ ಆ ಪದರದಲ್ಲೇ. ಅದು ಸವೆದುಹೋದರೆ ಕೆಳಗಿನ ಬಣ್ಣಕ್ಕೆ ನೆರಳಿಲ್ಲ.

ಇಲ್ಲಿ ಹಳೆಯ ಅಭ್ಯಾಸಕ್ಕೆ ಪೆಟ್ಟು ಬಿತ್ತು. ಪಾರದರ್ಶಕ ಪದರ ಸವೆದಾಗ ಬಟ್ಟೆಗೆ ಬಣ್ಣ ಅಂಟುವುದಿಲ್ಲ, ಎಚ್ಚರಿಕೆಯ ಗುರುತೇ ಇಲ್ಲ. ರೋಟರಿ ಯಂತ್ರ ಒಂದೇ ಜಾಗದಲ್ಲಿ ಕೆಲ ಕ್ಷಣ ಹೆಚ್ಚು ನಿಂತರೂ ಘರ್ಷಣೆಯ ಬಿಸಿ ಏರುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಮಡಿಕೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುವುದರಿಂದ ಅಲ್ಲಿ ಪದರ ಮೊದಲೇ ತೆಳು. ಅಂಚಿಗೆ ಟೇಪ್ ಹಚ್ಚುವುದು ಇದಕ್ಕಾಗಿ. ಇದಲ್ಲದೆ ರೋಟರಿ ಸರಿಯಾಗಿ ನಡೆಯದಿದ್ದರೆ ಅದು ಓಡಿದ ದಾರಿಯುದ್ದಕ್ಕೂ ಸೂಕ್ಷ್ಮ ಗೆರೆಗಳು ಉಳಿದು, ಬಿಸಿಲಿನಲ್ಲಿ ನೆರಳು ಓಡಾಡಿದಂತೆ ಕಾಣುತ್ತವೆ. ಅದಕ್ಕೆ ಹೋಲೋಗ್ರಾಮ್ ಎನ್ನುತ್ತಾರೆ.

ಇದಕ್ಕೆ ಉತ್ತರವಾಗಿ ಬಂದದ್ದು ಡ್ಯುಯಲ್ ಆ್ಯಕ್ಷನ್ ಯಂತ್ರ, ಎಂದರೆ ಎರಡು ಚಲನೆಯದ್ದು. ಉಜ್ಜುಕಾಗದ ಓಡಿಸಲು ಗ್ಯಾರೇಜುಗಳಲ್ಲಿ ಮೊದಲೇ ಇದ್ದ ಸ್ಯಾಂಡರಿನ ತತ್ವವೇ ಇದರದ್ದು. ಒರಳಿನಲ್ಲಿ ರುಬ್ಬುವಾಗ ಗುಂಡುಕಲ್ಲು ಕುಳಿಯ ಸುತ್ತ ಹರಿಯುತ್ತಲೇ ತನ್ನಷ್ಟಕ್ಕೆ ತಾನೂ ತಿರುಗುತ್ತದಲ್ಲ, ಇದರ ತಟ್ಟೆಯೂ ಹಾಗೆಯೇ. ಒಂದು ಸಣ್ಣ ವೃತ್ತದಲ್ಲಿ ಓಲಾಡುತ್ತಾ ಬೇರಿಂಗಿನ ಮೇಲೆ ಸ್ವತಂತ್ರವಾಗಿ ಸುತ್ತುತ್ತದೆ. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡುವುದಿಲ್ಲ. ಕೈ ಭಾರ ಹೆಚ್ಚಾದರೆ ಸುತ್ತುವುದನ್ನು ನಿಲ್ಲಿಸಿ ಬರೀ ನಡುಗುತ್ತದೆ. ಬಣ್ಣವನ್ನು ಕಾಯುವ ಗುಣ ಹೀಗೆ ಯಂತ್ರದೊಳಗೇ ಸೇರಿಕೊಂಡಿತು. ಅಮೆರಿಕದ ಪೋರ್ಟರ್-ಕೇಬಲ್ ಕಂಪನಿಯ ಇಂಥ ಯಂತ್ರದಿಂದ ಮನೆಯಂಗಳದ ಹವ್ಯಾಸಿಗಳೂ ಧೈರ್ಯವಾಗಿ ಪಾಲಿಶ್ ಹಿಡಿದರು. ಅದರ ಓಲಾಟ ಸುಮಾರು 8 ಮಿಲಿಮೀಟರ್. 2010ರ ದಶಕದ ಆರಂಭದಲ್ಲಿ ಇಟಲಿಯ ರೂಪೆಸ್ ಕಂಪನಿ ಅದನ್ನು 15 ಮತ್ತು 21 ಮಿಲಿಮೀಟರಿಗೆ ಹಿಗ್ಗಿಸಿತು. ಕೆಲಸದ ವೇಗ ಹೆಚ್ಚಿತು, ಸೌಮ್ಯತೆ ಉಳಿಯಿತು. ಹಾಗೆಂದು ರೋಟರಿ ಮೂಲೆಗೆ ಬೀಳಲಿಲ್ಲ. ಆಳದ ಗೆರೆ ತೆಗೆಯಲು, ಪಳಗಿದ ಕೈಯಲ್ಲಿ, ಅದು ಇವತ್ತಿಗೂ ಬೇಕೇ ಬೇಕು.

ಒಳ್ಳೆಯ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಕಾರನ್ನು ಚೆನ್ನಾಗಿ ತೊಳೆದು, ಕ್ಲೇ ಎಂಬ ಮೆತ್ತನೆಯ ಮುದ್ದೆಯಿಂದ ಅಂಟಿಕೊಂಡ ಕಣಗಳನ್ನೆಲ್ಲ ಎತ್ತುತ್ತಾರೆ. ಗೇಜ್ ಇಟ್ಟು ಬಣ್ಣದ ದಪ್ಪ ಅಳೆಯುತ್ತಾರೆ. ಎರಡಡಿ ಚೌಕದಷ್ಟು ಜಾಗ ಆರಿಸಿ, ಫೋಮ್ ಪ್ಯಾಡಿನ ಮೇಲೆ ಮೂರ್ನಾಲ್ಕು ತೊಟ್ಟು ಪಾಲಿಶ್ ಹಾಕಿ, ಕಡಿಮೆ ವೇಗದಲ್ಲಿ ಹರಡುತ್ತಾರೆ. ಆಮೇಲೆ ವೇಗ ಏರಿಸಿ, ಪ್ಯಾಡನ್ನು ಮಟ್ಟಸವಾಗಿ ಹಿಡಿದು, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಆತುರವಿಲ್ಲದೆ ಸಾಗಿಸುತ್ತಾರೆ. ಪಾಲಿಶಿನೊಳಗಿರುವ ಅಲ್ಯುಮಿನಿಯಂ ಆಕ್ಸೈಡಿನ ಸೂಕ್ಷ್ಮ ಕಣಗಳು ಗೆರೆಯ ದಡಗಳನ್ನು ತೆಳ್ಳಗೆ ಕೊರೆಯುತ್ತವೆ. ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು ನೋಡುತ್ತಾರೆ. ಒಳ್ಳೆಯ ಕೆಲಸಗಾರ ಅತಿ ಸೌಮ್ಯವಾದ ಪ್ಯಾಡು, ಪಾಲಿಶಿನಿಂದ ಶುರುಮಾಡಿ, ಸಾಲದಿದ್ದರೆ ಮಾತ್ರ ಒಂದು ಹಂತ ಮೇಲೇರುತ್ತಾನೆ. ಬಹಳ ಆಳದ ಗೆರೆ ಕಂಡರೆ ಅದನ್ನು ಪೂರ್ತಿ ಅಳಿಸಲು ಹೋಗದೆ, ಮಸುಕು ಮಾಡಿ ಬಿಡುತ್ತಾನೆ. ಆ ಬಿಟ್ಟುಬಿಡುವ ತೀರ್ಮಾನದಲ್ಲೇ ಅವನ ಕಸುಬುಗಾರಿಕೆ ಇದೆ.

ಟಾರ್ಚಿನ ಬೆಳಕಿನಲ್ಲಿ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಕಾಣುವ ಗೆರೆಗಳನ್ನು ನೀವೂ ನೋಡಿರಬಹುದು. ಅವು ನಿಜವಾಗಿ ವೃತ್ತಗಳಲ್ಲ. ಎಲ್ಲ ದಿಕ್ಕಿಗೂ ಬಿದ್ದ ಸಾವಿರಾರು ಗೆರೆಗಳಲ್ಲಿ, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆದು ನಮ್ಮ ಕಣ್ಣು ತಲುಪುತ್ತವೆ. ಹಾಗಾಗಿ ದೀಪದ ಸುತ್ತ ಬಳೆ ಜೋಡಿಸಿದಂತೆ ತೋರುತ್ತದೆ.

ಈ ಗೆರೆಗಳು ಎಲ್ಲಿಂದ ಬರುತ್ತವೆ? ಬಹುಪಾಲು ನಾವು ಒರೆಸುವ ರೀತಿಯಿಂದಲೇ. ರಸ್ತೆಯ ಧೂಳಿನಲ್ಲಿ ಬೆಣಚು ಕಲ್ಲಿನ ಕಣಗಳಿರುತ್ತವೆ, ಅವು ಕ್ಲಿಯರ್ ಕೋಟಿಗಿಂತ ಎಷ್ಟೋ ಪಾಲು ಗಟ್ಟಿ. ಧೂಳು ಕೂತ ಕಾರನ್ನು ಒಣ ಬಟ್ಟೆಯಿಂದ ಝಾಡಿಸಿದರೆ, ಒಂದೇ ಬಕೆಟ್ ನೀರಿನಲ್ಲಿ ಸಾಲು ಸಾಲು ಕಾರುಗಳನ್ನು ಒರೆಸಿದರೆ, ಆ ಕಣಗಳೇ ಮೈಯೆಲ್ಲ ಗೀರುತ್ತವೆ. ಬೋರ್‌ವೆಲ್ಲಿನ ಗಡಸು ನೀರು ಬಿಸಿಲಿನಲ್ಲಿ ಆರಿದರೆ ಬಿಳಿ ಕಲೆ ಉಳಿಸುತ್ತದೆ. ಕೆಲವೊಮ್ಮೆ ಪದರವನ್ನೇ ಕೊರೆಯುತ್ತದೆ. ನಸುಕಿನಲ್ಲಿ ಎದ್ದು ಕಾರು ಒರೆಸುವ ಹುಡುಗರನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ಸಾಕಷ್ಟು ನೀರು, ಶುದ್ಧವಾದ ಮೈಕ್ರೋಫೈಬರ್ ಬಟ್ಟೆ ಒದಗಿಸಬೇಕಾದವರು ನಾವು.

ಇತ್ತೀಚೆಗೆ ಸೆರಾಮಿಕ್ ಲೇಪನ, ಪಾರದರ್ಶಕ ಫಿಲ್ಮುಗಳು ಬಂದಿವೆ. ಅವೂ ಕ್ಲಿಯರ್ ಕೋಟಿನ ಮೇಲೆಯೇ ಕೂರಬೇಕು, ಅದಕ್ಕೆ ಮುಂಚೆ ಪಾಲಿಶ್ ಆಗಲೇಬೇಕು. ಹೀಗಾಗಿ ಕಾರ್ಖಾನೆ ಒಮ್ಮೆ ಕೊಟ್ಟ ಆ ಕೆಲವೇ ಮೈಕ್ರಾನುಗಳು ಕಾರಿನ ಆಯುಷ್ಯವಿಡೀ ಬಾಳಬೇಕಾದ ಬಂಡವಾಳ. ಪ್ರತಿ ಪಾಲಿಶಿಗೂ ಅದರಿಂದ ಒಂದಿಷ್ಟು ಖರ್ಚಾಗುತ್ತದೆ, ಮರಳಿ ಜಮೆಯಾಗುವುದಿಲ್ಲ.

ಆದ್ದರಿಂದ ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟು. ಆಯುಧಪೂಜೆ ಬಂತೆಂದು ವರ್ಷ ವರ್ಷವೂ ರಬ್ಬಿಂಗ್ ಮಾಡಿಸಬೇಡಿ. ಚೆನ್ನಾಗಿ ತೊಳೆದು ಮೇಣ ಹಚ್ಚಿದರೆ ಹಬ್ಬಕ್ಕೆ ಅಷ್ಟು ಹೊಳಪು ಸಾಕು. ಪಾಲಿಶ್ ಬೇಕೇ ಬೇಕು ಅನ್ನಿಸಿದಾಗ, ಅಂಗಡಿಯವರನ್ನು ಎರಡು ಮಾತು ಕೇಳಿ: ಬಣ್ಣದ ದಪ್ಪ ಅಳೆಯುತ್ತೀರಾ? ಮೊದಲು ಸಣ್ಣ ಜಾಗದಲ್ಲಿ ಮಾಡಿ ತೋರಿಸುತ್ತೀರಾ? ಎರಡಕ್ಕೂ ಹೌದೆನ್ನುವವರ ಕೈಗೆ ಧೈರ್ಯವಾಗಿ ಕಾರು ಒಪ್ಪಿಸಿ. ಅವರು ಕೇಳುವ ಸಮಯವನ್ನೂ, ಆ ಶ್ರಮಕ್ಕೆ ತಕ್ಕ ಹಣವನ್ನೂ ಚೌಕಾಸಿ ಮಾಡದೆ ಕೊಡಿ.