ಅರ್ಕಾವತಿಯ ಲೆಕ್ಕದಲ್ಲಿ ನಾವು



ನೀರಿಗೂ ಸಮಾಜಕ್ಕೂ ಇರುವ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ಕೇಳಿದ್ದೀರಿ. ವಿಷಯ ದೊಡ್ಡದು. ಅದನ್ನು ಅರ್ಕಾವತಿ ಎಂಬ ಒಂದೇ ನದಿಯ ಮೂಲಕ ತಮ್ಮ ಮುಂದಿಡುತ್ತೇನೆ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ರಾಮನಗರ, ಕನಕಪುರಗಳನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಕೂಡುವ ಈ ನದಿಯೇ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ಊರಿಗೆ ನೀರು ಬಂತು. ಅದೂ ಸಾಲದಾದಾಗ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತಂದೆವು. ಹೊಸ ನೀರು ಬಂದ ಮೇಲೆ ಹಳೆಯ ನದಿಯ ಯೋಗಕ್ಷೇಮ ನಗರದ ಚಿಂತೆಯಾಗಿ ಉಳಿಯಲಿಲ್ಲ. ತಿಪ್ಪಗೊಂಡನಹಳ್ಳಿಗೆ ಹರಿದು ಬರುವ ನೀರು ವರ್ಷದಿಂದ ವರ್ಷಕ್ಕೆ ಕುಗ್ಗಿತು.

ಮಳೆ ಕಡಿಮೆಯಾಯಿತು, ಅದಕ್ಕೇ ನದಿ ಬತ್ತಿತು ಎನ್ನುವವರು ಬಹಳ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಮಾತನ್ನು ಪರೀಕ್ಷಿಸಿ 2015ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ನದಿ ಇಷ್ಟು ಬತ್ತುವುದಕ್ಕೆ ಮಳೆಯ ಏರುಪೇರು ಕಾರಣವಾಗಲಾರದು. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಹರಡಿದ್ದು ಮುಖ್ಯ ಕಾರಣಗಳಾಗಿರಬೇಕು ಎಂಬುದು ಅವರ ತೀರ್ಮಾನ. ನದಿಯನ್ನು ಬತ್ತಿಸಿದ್ದು ನಮ್ಮ ನಡೆ.

ಅದು ಹೇಗೆ ನಡೆಯಿತೆಂದು ನೋಡೋಣ. ಈ ಸೀಮೆಯಲ್ಲಿ ಕೆರೆಗಳು ಸರಪಣಿಯಾಗಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹಂಚಲು ನೀರಗಂಟಿ, ಹೂಳೆತ್ತಲು, ಏರಿ ಕಾಯಲು ಊರು. ಜನ ಕೆರೆಯನ್ನು ಕಾಪಾಡಿದರು, ಕೆರೆ ಜನರನ್ನು ಒಂದು ಕಟ್ಟುಪಾಡಿನಲ್ಲಿ ಇರಿಸಿತು. ಕೊಳವೆಬಾವಿ ಬಂದಾಗ ರೈತನ ಕೈಗೆ ಸ್ವಂತ ಸ್ವಿಚ್ ಸಿಕ್ಕಿತು. ನೀರಗಂಟಿಯ ಸರದಿಗೆ ಕಾಯುವ ಅಗತ್ಯ ತಪ್ಪಿತು. ಹೂಳೆತ್ತಲು ಊರು ಸೇರುವುದೂ ನಿಂತಿತು. ಕಾಲುವೆಗಳು ಮುಚ್ಚಿದವು, ಕೆರೆ ತುಂಬಲಿಲ್ಲ. ಕೆರೆ ತುಂಬದ್ದರಿಂದ ಕೊಳವೆಬಾವಿಯನ್ನೇ ಇನ್ನಷ್ಟು ಆಳಕ್ಕೆ ಕೊರೆಯಬೇಕಾಯಿತು. ನೆಲದೊಳಗಿನ ನೀರು ಒಂದು ಕಾಲಕ್ಕೆ ಹಳ್ಳಕ್ಕೆ ಒಸರಿ ಬೇಸಿಗೆಯಲ್ಲೂ ನದಿಯನ್ನು ಜೀವಂತವಾಗಿಟ್ಟಿತ್ತು. ಅಂತರ್ಜಲ ಪಾತಾಳಕ್ಕಿಳಿದ ಮೇಲೆ ಆ ಒಸರು ನಿಂತಿತು. ಬಿದ್ದ ಮಳೆಯನ್ನು ಒಣನೆಲವೇ ಹೀರಿಕೊಂಡಿತು.

ಇದರಲ್ಲಿ ನಗರದ ಪಾಲೂ ಇದೆ. ನಗರಕ್ಕೆ ಹೂವು, ತರಕಾರಿ, ದ್ರಾಕ್ಷಿ ಬೇಕಿತ್ತು. ರೈತ ನೀರೆತ್ತಿ ಬೆಳೆದುಕೊಟ್ಟ. ಊರಿನ ಯುವಕರು ದುಡಿಮೆಗೆ ನಗರಕ್ಕೆ ಹೋದರು. ಕೂಲಿಯಾಳು ಸಿಗದ ಹೊಲಕ್ಕೆ ನೀಲಗಿರಿ ಬಂತು. ಯಾವ ರೈತನೂ ನದಿಯನ್ನು ಒಣಗಿಸಲು ಹೊರಟವನಲ್ಲ. ಒಬ್ಬೊಬ್ಬನ ನಿರ್ಧಾರಕ್ಕೂ ನ್ಯಾಯವಿತ್ತು. ಆ ಎಲ್ಲ ನಿರ್ಧಾರಗಳ ಮೊತ್ತಕ್ಕೆ ಹೊಣೆಯಾಗಲು ಮಾತ್ರ ಯಾರೂ ಇರಲಿಲ್ಲ.

ಇನ್ನು ನದಿಯ ಕೆಳಭಾಗ. ಬೆಂಗಳೂರು ಬಳಸಿ ಬಿಟ್ಟ ನೀರಿನ ಒಂದು ಪಾಲು ವೃಷಭಾವತಿ ನದಿಯಲ್ಲಿ ಹರಿದು, ಬೈರಮಂಗಲದ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ. ಮೇಲೆ ಒಣಗಿದ ನದಿ ಕೆಳಗೆ ವರ್ಷಪೂರ್ತಿ ಹರಿಯುತ್ತದೆ, ಕೊಳಚೆಯಾಗಿ. ಆ ನೀರಿನಲ್ಲೇ ಅಲ್ಲಿನ ರೈತರು ಬೆಳೆ ತೆಗೆಯುತ್ತಾರೆ, ಆ ನೀರಿನ ದುರ್ವಾಸನೆಯನ್ನೂ ಅವರೇ ಸಹಿಸುತ್ತಾರೆ. ಕಾವೇರಿಯಿಂದ ತಂದ ನೀರು ಹೀಗೆ ಇನ್ನೊಂದು ನದಿಯನ್ನೂ ಇನ್ನೊಂದು ಸೀಮೆಯ ಬೇಸಾಯವನ್ನೂ ಬದಲಿಸಿತು.

ನೀರು ಮತ್ತು ಸಮಾಜ ಒಂದನ್ನೊಂದು ತಿದ್ದುವ ಈ ಬಗೆಯನ್ನು ಅಧ್ಯಯನ ಮಾಡಲು ಜಲವಿಜ್ಞಾನಿ ಶಿವಪಾಲನ್ ಮತ್ತು ಸಂಗಡಿಗರು 2012ರಲ್ಲಿ ಸಮಾಜ-ಜಲವಿಜ್ಞಾನ ಎಂಬ ಹೊಸ ಶಾಖೆಯನ್ನು ಪ್ರಸ್ತಾಪಿಸಿದರು. ಅದರ ಸಾರ ಇಷ್ಟು: ಮನುಷ್ಯನನ್ನು ಹೊರಗಿಟ್ಟು ನೀರಿನ ಲೆಕ್ಕ ಬರೆದರೆ ಆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಇಂದಿಗೂ ಕೊಳಾಯಿ ನೀರು, ಕೆರೆ, ಅಂತರ್ಜಲಗಳ ಹೊಣೆ ಬೇರೆಬೇರೆ ಸಂಸ್ಥೆಗಳಲ್ಲಿ ಹಂಚಿಹೋಗಿದೆ. ನದಿಗೆ ಈ ವಿಂಗಡಣೆ ಗೊತ್ತಿಲ್ಲ.

ಆದ್ದರಿಂದ ನನ್ನ ಬಿನ್ನಹ ಇದು. ಅರ್ಕಾವತಿಯ ಮಳೆ, ಕೆರೆ, ಕೊಳವೆಬಾವಿ, ಕೊಳಚೆ ಎಲ್ಲವೂ ಒಂದೇ ಲೆಕ್ಕದ ಪುಸ್ತಕಕ್ಕೆ ಬರಲಿ. ಆ ಪುಸ್ತಕದ ಮುಂದೆ ಪಂಚಾಯಿತಿಯವರೂ ಪಾಲಿಕೆಯವರೂ ಒಟ್ಟಿಗೆ ಕುಳಿತುಕೊಳ್ಳಲಿ. ಬಳಸಿದ ನೀರನ್ನು ಶುದ್ಧಗೊಳಿಸಿಯೇ ಬಿಡುವುದು ನಗರದ ಕರ್ತವ್ಯ. ಎತ್ತುವ ನೀರಿಗೆ ಮಿತಿ ಹಾಕಿಕೊಳ್ಳುವುದು ಹಳ್ಳಿಯ ಕರ್ತವ್ಯ. ಆ ಮಿತಿಯಿಂದ ರೈತನಿಗಾಗುವ ನಷ್ಟವನ್ನು ತುಂಬಿಕೊಡುವುದು ನಮ್ಮೆಲ್ಲರ ಕರ್ತವ್ಯ. ನಮ್ಮ ನಿರ್ಧಾರಗಳಿಂದ ಬತ್ತಿದ ನದಿ, ನಮ್ಮ ನಿರ್ಧಾರಗಳಿಂದಲೇ ಮತ್ತೆ ಹರಿಯಬೇಕು.